ಮಕ್ಕಳ ಮರುಸಂತೆ: ಗಡಿನಾಡಿನ ಶಾಲೆಗೊಂದು ಸಲಹೆ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ಮಾತನಾಡಲು ನಿಂತವರು ಸಾಮಾನ್ಯವಾಗಿ ಇತಿಹಾಸವನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ರಾಷ್ಟ್ರಕೂಟ ಅರಸರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರ. ಈ ಶಾಲೆ ಹುಟ್ಟಿದಾಗ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಸೇರಿತು; ಅದೇ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿಯ ಗೆರೆ ಬೀಗರ ನಡುವೆ, ಅಣ್ಣತಮ್ಮಂದಿರ ನಡುವೆ ಹಾದುಹೋಯಿತು. ಈ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಆದ್ದರಿಂದ ನಾನು ಅದಕ್ಕಿಂತ ಬಹಳ ಚಿಕ್ಕದಾದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ನಮ್ಮ ಮಕ್ಕಳ ಮೈಗೆ ಚಿಕ್ಕದಾದ ಅಂಗಿ, ಫ್ರಾಕು, ಸ್ವೆಟರುಗಳನ್ನೂ ಅವರು ಆಡಿ ಬಿಟ್ಟ ಆಟಿಕೆಗಳನ್ನೂ ಏನು ಮಾಡಬೇಕು ಎಂಬುದೇ ಆ ವಿಷಯ. ವರ್ಷಕ್ಕೊಮ್ಮೆ ಶಾಲೆಯ ಅಂಗಳದಲ್ಲಿ ಅವುಗಳ ಮಾರಾಟವನ್ನು ಏರ್ಪಡಿಸಬೇಕೆಂಬುದು ನನ್ನ ಸಲಹೆ. ಅದನ್ನು ಹೇಗೆ ನಡೆಸಿದರೆ ಯಾರ ಮರ್ಯಾದೆಗೂ ಕುಂದಾಗದು ಎಂಬುದು ಈ ಭಾಷಣದ ತಿರುಳು.

ಮೊದಲು ಮಗುವಿನ ಬೆಳವಣಿಗೆಯನ್ನೇ ನೋಡೋಣ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಕೂಸು ಒಂದು ವರ್ಷದಲ್ಲಿ ಸುಮಾರು 75 ಸೆಂಟಿಮೀಟರ್ ಆಗುತ್ತದೆ. ತೂಕ ಐದನೆಯ ತಿಂಗಳ ಹೊತ್ತಿಗೆ ಇಮ್ಮಡಿಯಾಗಿ, ವರ್ಷ ತುಂಬುವಾಗ ಮುಮ್ಮಡಿಯಾಗುತ್ತದೆ. ಹೀಗಿರುವಾಗ ಮೂರು ತಿಂಗಳ ಕೂಸಿಗೆ ಕೊಂಡ ಜಬಲಾ ಹತ್ತಿಪ್ಪತ್ತು ಒಗೆತ ಕಾಣುವುದರೊಳಗೆ ಟ್ರಂಕಿನ ತಳ ಸೇರುತ್ತದೆ. ಬಟ್ಟೆ ಹರಿದಿರುವುದಿಲ್ಲ, ಮಗು ಬೆಳೆದಿರುತ್ತದೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಕೂಸಿಗೆ ಮೊದಲು ತೊಡಿಸುವ ಬಟ್ಟೆ ಹೊಸದಾಗಿರಬಾರದು, ಅಜ್ಜಿಯ ಹಳೆಯ ಮೆತ್ತನೆಯ ಸೀರೆಯದಾಗಿರಬೇಕು ಎಂಬ ರೂಢಿ ನಮ್ಮಲ್ಲಿತ್ತು. ಅಕ್ಕನ ಮಗುವಿನ ಕುಲಾಯಿ ತಂಗಿಯ ಮಗುವಿಗೆ, ಅಲ್ಲಿಂದ ನೆಗೆಣ್ಣಿಯ ಮಗುವಿಗೆ ಹೋಗುತ್ತಿತ್ತು. ತೊಟ್ಟಿಲಂತೂ ಒಂದು ಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹೀಗೆ ಬಂದ ಬಟ್ಟೆಯನ್ನು ತೊಡಿಸುವುದು ಕೊರತೆಯ ಗುರುತಾಗಿರಲಿಲ್ಲ, ಬಳಗದ ಗುರುತಾಗಿತ್ತು. ಇಂದು ಆ ಸರಪಳಿ ತುಂಡಾಗಿದೆ. ಮನೆಗೊಂದು ಎರಡು ಮಕ್ಕಳು. ಅಕ್ಕ ಪುಣೆಯಲ್ಲಿದ್ದರೆ ತಂಗಿ ಹೈದರಾಬಾದಿನಲ್ಲಿದ್ದಾಳೆ. ಒಂದು ಮನೆಯಲ್ಲಿ ಕಪಾಟು ತುಂಬಿ ಚೆಲ್ಲುತ್ತಿದೆ. ಅದೇ ಓಣಿಯ ಇನ್ನೊಂದು ಮನೆಯಲ್ಲಿ, ದಸರೆಯ ನಂತರ ಕಬ್ಬು ಕಡಿಯಲು ಹೊರಡುವ ತಾಯಿ ಮಗುವಿಗೆ ಸ್ವೆಟರ್ ಎಲ್ಲಿಂದ ತರಲಿ ಎಂದು ಚಿಂತಿಸುತ್ತಿದ್ದಾಳೆ. ಈ ಎರಡು ಮನೆಗಳ ನಡುವಿನ ಬಾಗಿಲಾಗಲು ಶಾಲೆಗಿಂತ ಯೋಗ್ಯವಾದ ಸ್ಥಳ ಮತ್ತೊಂದಿಲ್ಲ.

ಇದರಲ್ಲಿ ನೀರಿನ ಲೆಕ್ಕವೂ ಇದೆ. ಒಂದು ಹತ್ತಿಯ ಅಂಗಿ ತಯಾರಾಗಲು, ಹೊಲದಿಂದ ಹಿಡಿದು ಬಣ್ಣದ ತೊಟ್ಟಿಯವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜು ಜಗತ್ತಿನಲ್ಲಿ ಪ್ರಚಲಿತವಾಗಿದೆ. 2016ರ ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ಲಾತೂರಕ್ಕೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಕಂಡ ಸೀಮೆ ನಮ್ಮದು. ಇನ್ನೂ ಗಟ್ಟಿಯಾಗಿರುವ ಅಂಗಿಯನ್ನು ಎಸೆಯುವುದು ನಮ್ಮಂಥ ಊರುಗಳಿಗೆ ಒಪ್ಪುವ ಮಾತಲ್ಲ.

ಹಾಗಾದರೆ ಬಡವರಿಗೆ ಹಂಚಿಬಿಟ್ಟರಾಯಿತಲ್ಲ, ಮಾರುವುದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದು, ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ರಾತ್ರಿ ಕಳೆದು ಜನ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪವಾಯಿತು. ಔಸಾ ತಾಲೂಕಿನ ಕಿಲ್ಲಾರಿ, ಅಂದಿನ ಉಮರ್ಗಾ ತಾಲೂಕಿನ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ಕಲ್ಲುಮಣ್ಣಿನ ರಾಶಿಯಾದವು; ಸಾವಿರಾರು ಜನ ಮಡಿದರು. ದೇಶವೆಲ್ಲ ನಮ್ಮ ಕಡೆಗೆ ಕೈ ಚಾಚಿತು. ಆ ಉಪಕಾರವನ್ನು ಈ ಸೀಮೆ ಮರೆಯಲಾರದು. ಆದರೆ ಬೇಡಿ ಪಡೆಯುವ ಸಾಲಿನಲ್ಲಿ ಎಂದೂ ನಿಲ್ಲದ ಮನೆತನದವರು ಅಂದು ಆ ಸಾಲಿನಲ್ಲಿ ನಿಲ್ಲಬೇಕಾಯಿತು. ಹಾಗೆ ನಿಂತವರ ಮನಸ್ಸನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ತಮಿಳುನಾಡಿನ ಕರಾವಳಿಗೆ ಲಕ್ಷಗಟ್ಟಲೆ ಹಳೆಯ ಉಡುಪುಗಳು ದಾನವಾಗಿ ಬಂದವು. ಅವುಗಳಲ್ಲಿ ಬಹಳಷ್ಟು ಯಾರೂ ಮುಟ್ಟದೆ ರಸ್ತೆಯ ಬದಿಯಲ್ಲಿ ರಾಶಿ ಬಿದ್ದವು. ಮೀನುಗಾರರ ಮನೆಯವರು ಎಲ್ಲವನ್ನೂ ಕಳೆದುಕೊಂಡಿದ್ದರೂ ಯಾರೋ ಬಿಸಾಡಿದ್ದನ್ನು ಉಡಲು ಒಪ್ಪಲಿಲ್ಲ. ಆ ರಾಶಿಯನ್ನು ಆರಿಸಿ, ವಿಂಗಡಿಸಿ, ಉಪಯೋಗಕ್ಕೆ ತರುವ ಕೆಲಸವನ್ನು ದೆಹಲಿಯ ಗೂಂಜ್ ಸಂಸ್ಥೆ ಕೈಗೆತ್ತಿಕೊಂಡಿತು. 1999ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅವರ ಮುಖ್ಯ ವಿಚಾರ ಸರಳವಾದುದು. ಹಳ್ಳಿಯವರು ಬಾವಿ ತೋಡಿ, ದಾರಿ ಸರಿಪಡಿಸಿ, ಆ ದುಡಿಮೆಯ ಪ್ರತಿಫಲವಾಗಿ ಬಟ್ಟೆಯನ್ನು ಪಡೆಯುತ್ತಾರೆ. ಹಾಗೆ ಪಡೆದದ್ದು ಭಿಕ್ಷೆಯಾಗುವುದಿಲ್ಲ, ಸಂಪಾದನೆಯಾಗುತ್ತದೆ.

ಇನ್ನೂ ಹಳೆಯ ಗಾಯವೊಂದಿದೆ. ನಮ್ಮ ಹಳ್ಳಿಗಳ ಹಿಂದಿನ ವ್ಯವಸ್ಥೆಯಲ್ಲಿ ಕೆಲವು ಸಮುದಾಯಗಳ ಪಾಲಿಗೆ ಒಡೆಯನ ಮನೆಯ ಹಳೆಯ ಬಟ್ಟೆಯೇ ಉಡುಗೆಯಾಗಿತ್ತು. ಅದನ್ನು ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಮಹಿಳೆಯರನ್ನು ಉದ್ದೇಶಿಸಿ ಮಾತನಾಡುವಾಗ ಉಡುಗೆತೊಡುಗೆಯ ವಿಷಯವನ್ನೇ ಎತ್ತಿದರು. ಕೀಳೆಂಬ ಗುರುತನ್ನು ಹೊತ್ತ ಉಡುಗೆಯ ರೀತಿಯನ್ನು ಬಿಡಿ, ಬಟ್ಟೆ ಹರಿದಿದ್ದರೂ ಸ್ವಚ್ಛವಾಗಿರಲಿ ಎಂದು ತಿಳಿಹೇಳಿದರು. ನಮ್ಮಲ್ಲಿ ಇಂದಿಗೂ ಎಷ್ಟೋ ಅಜ್ಜಂದಿರು, ಮೊಮ್ಮಗನಿಗೆ ಹೊಸ ಅಂಗಿ ಕೊಡಿಸುವ ಶಕ್ತಿಯಿಲ್ಲದಿದ್ದರೂ, ಇನ್ನೊಬ್ಬರ ಹಳೆಯ ಅಂಗಿಯನ್ನು ಮನೆಯೊಳಗೆ ತರಗೊಡುವುದಿಲ್ಲ. ಅದನ್ನು ಹಟವೆಂದು ಕರೆಯುವುದು ಅನ್ಯಾಯ. ಅದು ಬಹಳ ಕಷ್ಟದಿಂದ ಗಳಿಸಿದ ಸ್ವಾಭಿಮಾನ.

ಈ ಸ್ವಾಭಿಮಾನಕ್ಕೆ ಧಕ್ಕೆಯಾಗದಂತೆ ಬಟ್ಟೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ನಡುವೆ ಬೆಲೆಯೊಂದು ಇರಬೇಕು. ಹತ್ತು ರೂಪಾಯಿಯಾದರೂ ಸರಿ. ಹತ್ತು ರೂಪಾಯಿ ಕೊಟ್ಟವಳು ಗಿರಾಕಿ. ಅವಳು ಬಟ್ಟೆಯನ್ನು ತಿರುವಿ ನೋಡಬಹುದು, ಹೊಲಿಗೆ ಜಗ್ಗಿ ನೋಡಬಹುದು, ಬಣ್ಣ ಒಪ್ಪಲಿಲ್ಲವೆಂದು ಬಿಟ್ಟು ಮುಂದೆ ಹೋಗಬಹುದು. ದಾನ ಪಡೆಯುವವಳಿಗೆ ಈ ಮೂರರಲ್ಲಿ ಒಂದು ಹಕ್ಕೂ ಇಲ್ಲ. ಬಸವಕಲ್ಯಾಣದ ನೆರೆಯಲ್ಲಿ ಬಾಳುವ ನಮಗೆ ಕಾಯಕ, ದಾಸೋಹಗಳ ಅರ್ಥ ತಿಳಿದಿದೆ. ಕೊಡುವವನಿಗೆ ಕೊಟ್ಟೆನೆಂಬ ಭಾವ ಬರಬಾರದು, ಪಡೆಯುವವನು ಕುಗ್ಗಬಾರದು. ಈ ಎರಡನ್ನೂ ಸಾಧಿಸುವ ಉಪಾಯವಾಗಿ ನಾನು ಈ ಸಂತೆಯನ್ನು ಸೂಚಿಸುತ್ತಿದ್ದೇನೆ.

ಅಮೆರಿಕೆಯಲ್ಲಿ ಇಂಥ ಮಾರಾಟಕ್ಕೆ ಗ್ಯಾರೇಜ್ ಸೇಲ್ ಎನ್ನುತ್ತಾರೆ. ಮನೆಯ ಕಾರು ನಿಲ್ಲುವ ಕೋಣೆಯ ಮುಂದೆ ಬೇಡವಾದ ವಸ್ತುಗಳನ್ನು ಹರಡಿ, ನೆರೆಹೊರೆಯವರಿಗೆ ಅಗ್ಗದ ಬೆಲೆಗೆ ಮಾರುತ್ತಾರೆ. ಅಲ್ಲಿ ನೆಲೆಸಿರುವ ನಮ್ಮವರಿಗೂ ಈ ಪದ್ಧತಿ ಪರಿಚಿತ. ಆದರೆ ನಮ್ಮ ಊರುಗಳಲ್ಲಿ ಗ್ಯಾರೇಜೆಂದರೆ ಟ್ರ್ಯಾಕ್ಟರ್ ರಿಪೇರಿಯ ಜಾಗ. ಅಲ್ಲಿಗೆ ಕೂಸಿನ ಫ್ರಾಕು ಹುಡುಕಿಕೊಂಡು ಯಾರೂ ಬರಲಾರರು. ನಮಗೆ ನಮ್ಮದೇ ಮಾದರಿಗಳಿವೆ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ಮಕ್ಕಳೇ ಕಾಯಿಪಲ್ಲೆ ಮಾರಿ ಲೆಕ್ಕ ಕಲಿಯುತ್ತಾರೆ. ಮಹಾರಾಷ್ಟ್ರದ ಶಾಲೆಗಳಲ್ಲಿ ಬಾಲ ಆನಂದ ಮೇಳಾವಾ ನಡೆಯುತ್ತದೆ. ಓಣಿಗಳಲ್ಲಿ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬಂದು, ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಬೋಹಾರೀಣಿಯರಂತೂ ಹಳೆಯ ಬಟ್ಟೆಗೂ ಬೆಲೆಯಿದೆ ಎಂಬುದನ್ನು ನಮಗೆ ತಲೆಮಾರುಗಳಿಂದ ಕಲಿಸಿದ್ದಾರೆ. ಈ ಮೂರನ್ನೂ ಕೂಡಿಸಿದರೆ ನಮ್ಮ ಮರುಸಂತೆಯಾಗುತ್ತದೆ. ಇನ್ನು ಅದನ್ನು ನಡೆಸುವ ಕ್ರಮಕ್ಕೆ ಬರುತ್ತೇನೆ.

ಮೊದಲನೆಯದು ಕಾಲ. ಮರಾಠವಾಡದ ಶಾಲೆಗಳು ಜೂನ್ ಮಧ್ಯದಲ್ಲಿ ಆರಂಭವಾಗುತ್ತವೆ. ಆದ್ದರಿಂದ ಜೂನ್ ಮೊದಲ ವಾರ ಒಂದು ಸಂತೆಗೆ ಸೂಕ್ತ. ಎರಡನೆಯದನ್ನು ದಸರೆಗೆ ಮುಂಚೆಯೇ ಮಾಡಬೇಕು. ಕಬ್ಬು ಕಡಿಯಲು ಹೋಗುವ ಕುಟುಂಬಗಳು ಗುಳೆ ಹೋದ ಮೇಲೆ ಸ್ವೆಟರುಗಳನ್ನು ಹರಡಿ ಪ್ರಯೋಜನವಿಲ್ಲ. ಊರಿನ ವಾರದ ಸಂತೆಯ ದಿನವನ್ನೇ ಆರಿಸಿಕೊಂಡರೆ ಹಳ್ಳಿಯವರು ಬೇರೆ ಬಸ್ಸಿನ ಖರ್ಚಿಲ್ಲದೆ ಬರುತ್ತಾರೆ. ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದಕ್ಕೆ ಮುಗಿಸಬೇಕು.

ಎರಡನೆಯದು ಸಂಗ್ರಹ. ಮೂರು ವಾರ ಮೊದಲೇ ಪಾಲಕರಿಗೆ ಪತ್ರ ಹೋಗಬೇಕು. ಅದರಲ್ಲಿ ಒಂದೇ ನಿಯಮ ಸಾಕು: ‘ತಮ್ಮ ಮಗುವಿಗೆ ನಾಳೆ ಬೆಳಿಗ್ಗೆ ತೊಡಿಸಿ ಬೀಗರ ಮನೆಗೆ ಕರೆದೊಯ್ಯಲು ತಾವು ಹಿಂಜರಿಯದಂಥ ಬಟ್ಟೆಯನ್ನು ಮಾತ್ರ ಕೊಡಿರಿ.’ ಈ ಅಳತೆಗೋಲನ್ನು ದಾಟದ ಬಟ್ಟೆಯನ್ನು ವಿನಯದಿಂದಲೇ ಹಿಂದಿರುಗಿಸಬೇಕು. ಒಂದು ಕೊಳಕು ಅಂಗಿ ಮೇಜಿನ ಮೇಲೆ ಬಿದ್ದರೆ ಉಳಿದ ತೊಂಬತ್ತೊಂಬತ್ತರ ಬೆಲೆಯೂ ಇಳಿಯುತ್ತದೆ, ಕೊಳ್ಳುವವರ ಮನಸ್ಸೂ ಮುದುಡುತ್ತದೆ. ಬಟ್ಟೆಯನ್ನು ಒಗೆದು, ಬಿಸಿಲಿನಲ್ಲಿ ಒಣಗಿಸಿ, ಮಡಿಸಿ ತರಬೇಕು. ಕೂಡಿಟ್ಟ ಬಟ್ಟೆಗಳ ನಡುವೆ ನುಸಿಗುಳಿಗೆ ಹಾಕಬಾರದು. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ರಕ್ತಕಣಗಳನ್ನು ಒಡೆದು ಕಾಮಾಲೆಗೆ ಕಾರಣವಾಗಬಲ್ಲದು. ಒಣಗಿದ ಬೇವಿನೆಲೆ ಸಾಕು. ಅದು ನಮ್ಮ ಅಂಗಳದಲ್ಲಿಯೇ ಇದೆ.

ಮೂರನೆಯದು ದುರಸ್ತಿ. ಸಂತೆಯ ಹಿಂದಿನ ವಾರ ಒಂದು ದಿನವನ್ನು ಸೂಜಿದಾರದ ದಿನವೆಂದು ಇಟ್ಟುಕೊಳ್ಳೋಣ. ಶಾಲೆಯ ಅಜ್ಜಿಯಂದಿರನ್ನೂ ಊರಿನ ಒಬ್ಬ ದರ್ಜಿಯನ್ನೂ ಆಮಂತ್ರಿಸೋಣ. ದರ್ಜಿಗೆ ಆ ದಿನದ ಕೂಲಿಯನ್ನು ಕೊಡಲೇಬೇಕು. ಬಿದ್ದುಹೋದ ಗುಂಡಿ, ಕೆಟ್ಟ ಜಿಪ್ಪು, ಸಡಿಲವಾದ ಇಲಾಸ್ಟಿಕ್ಕು ಇವು ಮೂರನ್ನು ಸರಿಪಡಿಸಿದರೆ ಮುಕ್ಕಾಲು ಬಟ್ಟೆ ಹೊಸದರಂತಾಗುತ್ತದೆ. ಕೂಸುಗಳ ಟೊಪ್ಪಿಗೆ, ಕೊರಳಪಟ್ಟಿಗಳಲ್ಲಿ ಉದ್ದನೆಯ ಲಾಡಿ ಇದ್ದರೆ ಬಿಚ್ಚಿ ತೆಗೆಯಬೇಕು. ಅದು ಎಲ್ಲಿಯಾದರೂ ಸಿಕ್ಕಿಕೊಂಡರೆ ಕೊರಳಿಗೆ ಉರುಳಾಗುವ ಅಪಾಯವಿದೆ.

ನಾಲ್ಕನೆಯದು ವಿಂಗಡಣೆ. ಅಂಗಿಯ ಕೊರಳಲ್ಲಿ ಬರೆದ ಅಳತೆಯನ್ನು ನಂಬಬಾರದು. ಒಂದೊಂದು ಕಂಪನಿಯದು ಒಂದೊಂದು ಲೆಕ್ಕ, ಒಗೆದ ಮೇಲೆ ಕುಗ್ಗುವುದು ಬೇರೆ. ಟೇಪು ಹಿಡಿದು ಎದೆಯ ಸುತ್ತಳತೆ, ಉದ್ದ ಎರಡನ್ನೂ ನೋಡಿ ವಯಸ್ಸಿನ ಗುಂಪು ಮಾಡಬೇಕು. ಫ್ರಾಕು, ಅಂಗಿಗಳನ್ನು ಹಗ್ಗಕ್ಕೆ ತೂಗುಹಾಕಬೇಕು; ಕೂಸಿನ ಬಟ್ಟೆಗಳನ್ನು ಮೇಜಿನ ಮೇಲೆ ಮಡಿಸಿಡಬೇಕು. ನೆಲದ ಮೇಲೆ ಏನನ್ನೂ ರಾಶಿ ಹಾಕಕೂಡದು. ಬಗ್ಗಿ ಆಯುವುದಕ್ಕೂ ನಿಂತು ಆರಿಸುವುದಕ್ಕೂ ಇರುವ ಅಂತರ ದೊಡ್ಡದು.

ಐದನೆಯದು ಬೆಲೆ. ಮೂರೇ ಬೆಲೆಗಳಿರಲಿ: ಹತ್ತು, ಇಪ್ಪತ್ತು, ಐವತ್ತು ರೂಪಾಯಿ. ಪ್ರತಿ ಬಟ್ಟೆಗೂ ಬಣ್ಣದ ದಾರ ಕಟ್ಟಬೇಕು. ಕೆಂಪು ದಾರ ಹತ್ತು, ಹಳದಿ ಇಪ್ಪತ್ತು, ಹಸಿರು ಐವತ್ತು. ಆಗ ಕನ್ನಡ ಓದಬಾರದವರೂ, ಮರಾಠಿ ಓದಬಾರದವರೂ, ಯಾವುದನ್ನೂ ಓದಬಾರದವರೂ ಯಾರನ್ನೂ ಕೇಳದೆ ಬೆಲೆ ತಿಳಿಯುತ್ತಾರೆ. ಪಿನ್ನು ಚುಚ್ಚಬಾರದು, ಅದು ಬಟ್ಟೆಯಲ್ಲಿ ಉಳಿದರೆ ಕೂಸಿನ ಮೈಗೆ ಚುಚ್ಚುತ್ತದೆ. ಹನ್ನೊಂದು ಗಂಟೆಯವರೆಗೆ ಬೆಲೆ ಸ್ಥಿರ. ಆಮೇಲೆ ಎಲ್ಲವೂ ಅರ್ಧ. ಈ ನಿಯಮವನ್ನು ಬಾಗಿಲಲ್ಲಿಯೇ ಎರಡೂ ಭಾಷೆಗಳಲ್ಲಿ ಬರೆದಿಡಬೇಕು. ಹೀಗಾದರೆ ಚೌಕಾಶಿಯಲ್ಲಿ ಗಟ್ಟಿ ಬಾಯಿಯವರಿಗೆ ಲಾಭ, ಸಂಕೋಚದವರಿಗೆ ನಷ್ಟ ಎಂಬ ಮಾತು ಬರುವುದಿಲ್ಲ.

ಹತ್ತು ರೂಪಾಯಿಯೂ ಕಷ್ಟವಾದವರು ಏನು ಮಾಡಬೇಕು? ಅದಕ್ಕಾಗಿ ಚೀಟಿಯ ಪದ್ಧತಿ. ಹತ್ತು ರೂಪಾಯಿ ಬೆಲೆಯ ಒಂದೇ ನಮೂನೆಯ ಚೀಟಿಗಳನ್ನು ಮುದ್ರಿಸೋಣ. ಐದು ಬಟ್ಟೆ ತಂದುಕೊಟ್ಟ ಪ್ರತಿ ಮನೆಗೂ ಒಂದು ಚೀಟಿ. ದುರಸ್ತಿಗೆ ಬಂದ ಅಜ್ಜಿಗೆ, ಮೇಜು ಹೊತ್ತ ಹುಡುಗನಿಗೆ, ಅಂಗಳ ಗುಡಿಸಿದವರಿಗೆ ಎರಡೆರಡು ಚೀಟಿ. ಉಳಿದ ಚೀಟಿಗಳನ್ನು ಮನೆಮನೆಯ ಸ್ಥಿತಿ ಬಲ್ಲ ಗುರುಗಳು ವಾರದ ಮೊದಲೇ ಸದ್ದಿಲ್ಲದೆ ತಲುಪಿಸಲಿ. ಸಂತೆಯ ದಿನ ಡಾಕ್ಟರರ ಮನೆಯವರ ಕೈಯಲ್ಲಿಯೂ ಅದೇ ಚೀಟಿ, ಕೂಲಿಯವರ ಕೈಯಲ್ಲಿಯೂ ಅದೇ ಚೀಟಿ. ಯಾರಿಗೆ ಅದು ಏಕೆ ಬಂತೆಂದು ಕಂಡವರಾರೂ ಹೇಳಲಾರರು.

ಆರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿದ್ದೇನೆ. ದೊಡ್ಡವರು ಎಷ್ಟೇ ಎಚ್ಚರ ವಹಿಸಿದರೂ ಮಕ್ಕಳ ಬಾಯಿ ಕಟ್ಟಲಾಗದು. ‘ಅದು ನನ್ನ ಹಳೆ ಅಂಗಿ’ ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೂಗಿದರೆ ಸಾಕು, ಅದನ್ನು ತೊಟ್ಟ ಮಗು ಮರುದಿನ ಶಾಲೆಗೆ ಬರಲಿಕ್ಕಿಲ್ಲ. ಮುಂದಿನ ಹತ್ತು ಸಂತೆಗಳಿಗೂ ಆ ತಾಯಿ ಬರುವುದಿಲ್ಲ. ಇದಕ್ಕೆ ಪರಿಹಾರ ನಮ್ಮ ಮೂರು ಊರುಗಳಲ್ಲಿಯೇ ಇದೆ. ಉದಗೀರದಲ್ಲಿ ಕೂಡಿದ ಬಟ್ಟೆಗಳು ನಿಲಂಗಾದಲ್ಲಿ ಮಾರಾಟವಾಗಲಿ. ನಿಲಂಗಾದವು ಉಮರ್ಗಾಕ್ಕೆ, ಉಮರ್ಗಾದವು ಉದಗೀರಕ್ಕೆ ಹೋಗಲಿ. ನಮ್ಮ ಅಂಗಳದಲ್ಲಿ ಒಂದು ಸಂತೆ. ಉಳಿದೆಡೆ ಹಳೆಯ ವಿದ್ಯಾರ್ಥಿಗಳು ಗೊತ್ತುಮಾಡುವ ಸಭಾಗೃಹಗಳಲ್ಲಿ ಒಂದೊಂದು. ಗಂಟುಗಳ ಸಾಗಾಟಕ್ಕೆ ಒಂದು ಟೆಂಪೊ ಸಾಕು. ಆಗ ಯಾವ ಮಗುವಿಗೂ ತನ್ನ ಅಂಗಿಯ ಹಿಂದಿನ ಒಡೆಯನ ಮುಖ ಗೊತ್ತಿರುವುದಿಲ್ಲ. ಗಡಿಯ ಗೆರೆಯಿಂದ ಚದುರಿಹೋದ ಮೂರು ಊರುಗಳ ಕನ್ನಡ ಮನೆಗಳ ನಡುವೆ ವರ್ಷಕ್ಕೆರಡು ಸಲ ಹೋಗಿಬರುವ ಕೆಲಸವೊಂದೂ ಹುಟ್ಟುತ್ತದೆ. ಸಭೆ, ಸನ್ಮಾನಗಳಿಗಿಂತ ಇಂಥ ಕೆಲಸದಿಂದ ಸಂಬಂಧ ಗಟ್ಟಿಯಾಗುತ್ತದೆಂದು ನನ್ನ ನಂಬಿಕೆ.

ಏಳನೆಯದು ಆಟಿಕೆಗಳು. ಇಲ್ಲಿ ಎರಡು ಎಚ್ಚರಿಕೆಗಳು ಬೇಕು: ಒಂದು ದೇಹದ ಬಗ್ಗೆ, ಇನ್ನೊಂದು ಮನಸ್ಸಿನ ಬಗ್ಗೆ. ಗುಂಡಿಯಾಕಾರದ ಸಣ್ಣ ಬ್ಯಾಟರಿಯಿರುವ ಆಟಿಕೆಯಲ್ಲಿ ಅದರ ಮುಚ್ಚಳ ಸ್ಕ್ರೂ ಹಾಕಿ ಭದ್ರವಾಗಿರದಿದ್ದರೆ ಅದನ್ನು ಮಾರಲೇಬಾರದು. ನುಂಗಿದ ಬ್ಯಾಟರಿ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ಸುಮಾರು 32 ಮಿಲಿಮೀಟರ್ ಅಗಲದ ನಳಿಗೆಯೊಳಗೆ ಅಡಗುವ ಯಾವ ತುಂಡೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಹೋಗಬಾರದು. ಅದು ಗಂಟಲಲ್ಲಿ ಸಿಕ್ಕೀತು. ಬಣ್ಣ ಸುಲಿದ ಹಳೆಯ ಆಟಿಕೆಗಳನ್ನು ತೆಗೆದಿಡಬೇಕು. ಆ ಬಣ್ಣದಲ್ಲಿ ಸೀಸವಿರಬಹುದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಹೊಸ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಗುರುತಿರುವವುಗಳಿಗೆ ಮೊದಲ ಸ್ಥಾನವಿರಲಿ. ಪ್ಲಾಸ್ಟಿಕ್ಕಿನವನ್ನು ಸಾಬೂನು ನೀರಿನಲ್ಲಿ ತೊಳೆದು, ಬಟ್ಟೆಯ ಗೊಂಬೆಗಳನ್ನು ಒಗೆದು, ಬಿಸಿಲಿಗೆ ಹಾಕಬೇಕು. ಚಿತ್ರಜೋಡಣೆಯ ಪೆಟ್ಟಿಗೆಗಳನ್ನು ನಾಲ್ಕನೆಯ ತರಗತಿಯ ಮಕ್ಕಳ ಕೈಗೆ ಕೊಡಿ. ಅವರು ಜೋಡಿಸಿ ನೋಡಿ, ಎಷ್ಟು ತುಂಡು ಕಡಿಮೆಯಿವೆಯೆಂದು ಚೀಟಿ ಬರೆದು ಅಂಟಿಸಲಿ. ಕೊರತೆಯನ್ನು ಮುಚ್ಚಿಡದೆ ಮಾರುವುದೂ ಒಂದು ಪಾಠ.

ಮನಸ್ಸಿನ ಎಚ್ಚರಿಕೆ ಇದು. ಮಗುವನ್ನು ಕೇಳದೆ ಅದರ ಆಟಿಕೆಯನ್ನು ಚೀಲಕ್ಕೆ ಹಾಕಬಾರದು. ನಮ್ಮ ಕಣ್ಣಿಗೆ ಕಿವಿ ಹರಿದ ಆನೆಯಾಗಿರುವುದು ಅದರ ಪಾಲಿಗೆ ರಾತ್ರಿಯ ಜೊತೆಗಾರನಾಗಿರಬಹುದು. ಕೊಡುತ್ತೀಯಾ ಎಂದು ಕೇಳಿ, ಒಲ್ಲೆನೆಂದರೆ ಬಿಡಿ. ಕೊಟ್ಟರೆ ಚೀಟಿಯನ್ನು ಅದರ ಕೈಗೇ ಕೊಡಿ. ತಾನು ಆಡಿದ ಮೂರು ಗಾಲಿಯ ಸೈಕಲ್ಲನ್ನು ತಾನೇ ಒರೆಸಿ ತಂದುಕೊಟ್ಟು, ಪಡೆದ ಚೀಟಿಯಿಂದ ತನಗೆ ಬೇಕಾದ ಕಥೆಪುಸ್ತಕವನ್ನು ತಾನೇ ಆರಿಸಿಕೊಂಡ ಮಗು ಕೊಡುವುದನ್ನೂ ಕೊಳ್ಳುವುದನ್ನೂ ಒಂದೇ ದಿನ ಕಲಿಯುತ್ತದೆ.

ಎಂಟನೆಯದು ಭಾಷೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುತ್ತ ಬೆಳೆಯುತ್ತಾರೆ. ಸಂತೆಯ ಪಟ್ಟಿ, ಲೆಕ್ಕ, ಫಲಕಗಳನ್ನು ಅವರು ಕನ್ನಡದಲ್ಲಿ ಬರೆಯಲಿ, ಪಕ್ಕದಲ್ಲಿ ಮರಾಠಿಯನ್ನೂ ಬರೆಯಲಿ. ‘ಹೇ ಕೇವಢ್ಯಾಲಾ?’ ಎಂದು ಕೇಳಿದವರಿಗೆ ಮರಾಠಿಯಲ್ಲಿ ಉತ್ತರಿಸಲಿ, ‘ಇದು ಎಷ್ಟಕ್ಕ?’ ಎಂದು ಕೇಳಿದವರಿಗೆ ಕನ್ನಡದಲ್ಲಿ ಹೇಳಲಿ. ಕನ್ನಡ ಶಾಲೆಯೆಂದರೆ ಕೆಲವರ ಶಾಲೆ, ನಮಗಲ್ಲ ಎಂದು ಈವರೆಗೆ ಗೇಟಿನ ಹೊರಗಿನಿಂದಲೇ ನೋಡಿದ ನೆರೆಯವರು ಆ ದಿನ ಒಳಗೆ ಬರುತ್ತಾರೆ. ನಮ್ಮ ಮಕ್ಕಳ ಅಚ್ಚುಕಟ್ಟು, ಪ್ರಾಮಾಣಿಕತೆಗಳನ್ನು ಕಣ್ಣಾರೆ ಕಾಣುತ್ತಾರೆ. ಗಡಿಯಾಚೆ ಉಳಿದ ಭಾಷೆಯ ಶಾಲೆಯೊಂದು ಬಾಳಬೇಕಾದರೆ ಸರಕಾರದ ಮಂಜೂರಾತಿಯಷ್ಟೇ ಊರಿನವರ ಒಲವೂ ಬೇಕು.

ಒಂಬತ್ತನೆಯದು ಲೆಕ್ಕ. ಬಂದ ಹಣ ಯಾವುದಕ್ಕೆ ಎಂಬುದನ್ನು ಮೊದಲೇ ಬರೆದು ತೂಗುಹಾಕಬೇಕು. ಮಕ್ಕಳ ಕನ್ನಡ ಪುಸ್ತಕಗಳಿಗೆ ಎಂಬುದು ನನ್ನ ಸೂಚನೆ. ಈ ಕಡೆಯ ಅಂಗಡಿಗಳಲ್ಲಿ ಅವು ಸುಲಭವಾಗಿ ಸಿಗುವುದಿಲ್ಲ. ಗಲ್ಲೆಯ ಹತ್ತಿರ ಇಬ್ಬರಿರಬೇಕು: ಹಣ ಪಡೆಯುವವರೊಬ್ಬರು, ಕಿರ್ದಿ ಬರೆಯುವವರೊಬ್ಬರು. ಹತ್ತರ ನೋಟು, ನಾಣ್ಯಗಳಲ್ಲಿ ಐದುನೂರು ರೂಪಾಯಿಯ ಚಿಲ್ಲರೆ ಮೊದಲೇ ಸಿದ್ಧವಿರಲಿ. ಫೋನಿನಿಂದ ಕೊಡುವವರ ಹಣ ಶಾಲೆಯ ಖಾತೆಗೇ ಹೋಗಬೇಕು, ವ್ಯಕ್ತಿಯ ಖಾತೆಗಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಮುನ್ನೂರು ಉಡುಪುಗಳಲ್ಲಿ 150 ಕೆಂಪು ದಾರದವು, 100 ಹಳದಿಯವು, 50 ಹಸಿರಿನವು ಎಂದಿಟ್ಟುಕೊಳ್ಳಿ. ಎಲ್ಲವೂ ಪೂರ್ಣ ಬೆಲೆಗೆ ಹೋದರೆ 1,500, 2,000, 2,500, ಒಟ್ಟು 6,000 ರೂಪಾಯಿ. ಚೀಟಿಗಳನ್ನೂ ಅರ್ಧ ಬೆಲೆಯವನ್ನೂ ಉಳಿದವನ್ನೂ ಕಳೆದರೆ ಕೈಗೆ ಬರುವುದು ಮೂರು ಸಾವಿರವೆಂದು ಹಿಡಿಯಿರಿ. ದೊಡ್ಡ ಮೊತ್ತವೇನಲ್ಲ. ಅದನ್ನು ಅದೇ ಸಂಜೆ ಕಪ್ಪುಹಲಗೆಯ ಮೇಲೆ ಏಳನೆಯ ತರಗತಿಯ ಮಗುವೊಂದು ಬರೆಯಲಿ: ಬಂದ ಬಟ್ಟೆ, ಹೋದ ಬಟ್ಟೆ, ಬಂದ ಹಣ, ಮರಳಿದ ಚೀಟಿ, ದರ್ಜಿಯ ಕೂಲಿ, ಟೆಂಪೊ ಬಾಡಿಗೆ, ಉಳಿಕೆ. ಎಲ್ಲರ ಕಣ್ಣಮುಂದೆ ಬರೆದ ಲೆಕ್ಕವೇ ಮುಂದಿನ ಸಂತೆಯ ಬಂಡವಾಳ.

ಹತ್ತನೆಯದು ಉಳಿದ ಬಟ್ಟೆಗಳ ಗತಿ. ಮಧ್ಯಾಹ್ನ ಒಂದರ ನಂತರ ಉಳಿದವುಗಳಲ್ಲಿ ಮೆತ್ತನೆಯ ಹತ್ತಿಯವನ್ನು ಕೌದಿ ಹೊಲಿಯುವ ತಾಯಂದಿರಿಗೆ ಕೊಡೋಣ. ನಾವು ಕೌದಿ ಎನ್ನುವುದನ್ನು ನೆರೆಯವರು ಗೋಧಡಿ ಎನ್ನುತ್ತಾರೆ, ಹೊಲಿಗೆಯೊಂದೇ. ಹೊಲಿದವರಿಗೆ ಮಜೂರಿ ಕೊಟ್ಟು, ಆ ಕೌದಿಗಳನ್ನು ಮುಂದಿನ ಸಂತೆಯಲ್ಲಿ ಮಾರೋಣ. ಕೌದಿಗೆ ಬಾರದ ಗಟ್ಟಿ ಬಟ್ಟೆಗಳನ್ನು ಬೋಹಾರೀಣಿಯರಿಗೆ ಕೊಡೋಣ. ಅದು ಅವರ ಕಸುಬು, ಯಾವುದು ಎಲ್ಲಿ ಬಿಕರಿಯಾಗುತ್ತದೆಂದು ಅವರು ಬಲ್ಲರು. ಸುಡುವುದೂ ಹಳ್ಳಕ್ಕೆ ಎಸೆಯುವುದೂ ಬೇಡ. ಮುಖ್ಯವಾಗಿ, ಮಾರಾಟವಾಗದ್ದನ್ನು ಬಡವರ ಓಣಿಗೆ ಒಯ್ದು ಹಂಚುವುದು ಬೇಡ. ಬೆಲೆ ಕೊಟ್ಟು ಯಾರೂ ಒಯ್ಯದ್ದನ್ನು ಪುಕ್ಕಟೆಯಾಗಿ ಕೊಟ್ಟರೆ, ಇಷ್ಟು ಹೊತ್ತು ನಾವು ಕಾಪಾಡಿದ ಮರ್ಯಾದೆಯನ್ನು ಸಂಜೆಗೆ ನಾವೇ ಕಳೆದಂತಾಗುತ್ತದೆ.

ಮಾನ್ಯರೇ, ಸಂತೆ ಯಶಸ್ವಿಯಾಯಿತೆಂದು ತಿಳಿಯುವುದು ಹೇಗೆ? ಗಲ್ಲೆ ತುಂಬಿದರೆ ಸಂತೋಷ. ಆದರೆ ನಾನು ಆ ಲೆಕ್ಕವನ್ನು ನೋಡುವುದಿಲ್ಲ. ಈ ಜೂನ್‌ನಲ್ಲಿ ಕೆಂಪು ದಾರದ ಅಂಗಿಯನ್ನು ಕೊಂಡುಹೋದ ತಾಯಿ, ಮುಂದಿನ ಜೂನ್‌ನಲ್ಲಿ ಅದೇ ಅಂಗಿಯನ್ನು ಒಗೆದು, ಮಡಿಸಿ, ಗುಂಡಿ ಸರಿಪಡಿಸಿ ಸಂಗ್ರಹದ ಮೇಜಿನ ಮೇಲೆ ತಂದಿಡುತ್ತಾಳೆಯೇ ಎಂಬುದನ್ನು ನೋಡುತ್ತೇನೆ. ಅಂದು ಅವಳಿಗೂ ಒಂದು ಚೀಟಿ ಬರೆದುಕೊಡುತ್ತೇವೆ. ಕೊಂಡವಳು ಕೊಡುವವಳಾಗಿ ಬಂದ ದಿನ ಕೊಡುವವರು ಯಾರು, ಪಡೆಯುವವರು ಯಾರು ಎಂಬ ಭೇದ ಈ ಅಂಗಳದಲ್ಲಿ ಅಳಿಯುತ್ತದೆ.

ಶತಮಾನೋತ್ಸವದ ನೆನಪಿಗಾಗಿ ಕಮಾನು, ಕಟ್ಟಡಗಳನ್ನು ಕಟ್ಟುವ ಉದ್ದೇಶ ಮಂಡಳಿಗಿದೆ. ಅವು ಆಗಲಿ. ಅವುಗಳ ಜೊತೆಗೆ, ಈ ವರ್ಷವೇ ಆರಂಭವಾಗುವಂತೆ, ಎರಡು ಹಗ್ಗ, ಹತ್ತು ಮೇಜು, ಮೂರು ಬಣ್ಣದ ದಾರದ ಉಂಡೆಗಳಿಗೂ ಮಂಜೂರಾತಿ ನೀಡಬೇಕೆಂದು ಕೇಳಿಕೊಳ್ಳುತ್ತೇನೆ. ಮೂರು ಊರುಗಳಿಂದಲೂ ಇಬ್ಬಿಬ್ಬರು ಸಭೆ ಮುಗಿದ ಮೇಲೆ ತಮ್ಮ ಹೆಸರು ಬರೆಸಬೇಕು.